ದೋಣಿಯ ಮೇಲೆ ಶೂ

ಬೆಳಿಗ್ಗೆ ಐದೂಮುಕ್ಕಾಲಿಗೆ ಅಪ್ಪಯ್ಯನ ದೋಣಿಯ ಮೂತಿಯ ಮೇಲೆ ಯಾರೋ ಒಬ್ಬ ಶೂ ಕಾಲಿಟ್ಟು ನಿಂತಿದ್ದ.

"ಹ್ವಾಯ್! ಕಾಲ್ ಎಲ್ಲಿಟ್ಟಿದ್ರಿ, ಕಾಂತಿಲ್ಯಾ?"

ಅವನು ತಿರುಗಿ ನಕ್ಕ. "ಎಂತ ಆಯ್ತ್? ಸ್ಟ್ರೆಚ್ ಮಾಡ್ತಾ ಇದ್ದೆ ಮಾರ್ರೆ."

"ಅಪ್ಪಯ್ಯ ಕಡಲಿಗ್ ಹೋಪು ಮುಂಚೆ ಅದನ್ನ ಮುಟ್ಟಿ ಕೈ ಮುಗಿತ್ರ್. ನೀವ್ ಅದ್ರ್ ಮೇಲ್ ಶೂ ಇಡ್ತ್ರಿ!"

ನಗು ಮಾಯವಾಯಿತು. ಕಾಲು ತೆಗೆದ. ಆದರೆ ತಪ್ಪಾಯ್ತು ಅಂತ ಹೇಳಿ ಸುಮ್ಮನಾಗುವ ಪೈಕಿ ಅಲ್ಲ ಅವನು.

"ನೀವ್ ವಾರ್ಮಪ್ ಮಾಡ್ದೇ ಓಡ್ತ್ರಿ ಅಲ್ದಾ? ನಿನ್ನೆ ಕಂಡೆ. ಎಡಗಾಲ್ ಹಿಡಿತ್ತ್ ನಿಮ್ಗ್."

ಮೈ ಉರಿದುಹೋಯಿತು. ಹೋದ ವರ್ಷ ಪೊಲೀಸ್ ನೇಮಕಾತಿಯ ಫಿಸಿಕಲ್ ಟೆಸ್ಟಿನಲ್ಲಿ ನಾನೂರು ಮೀಟರನ್ನು ಎರಡು ನಿಮಿಷದೊಳಗೆ ಓಡಬೇಕಿತ್ತು. ಮುನ್ನೂರಕ್ಕೆ ಎಡಗಾಲಿನ ಮೀನಖಂಡ ಹಿಡಿದು, ಕುಂಟುತ್ತಾ ಮುಗಿಸುವಾಗ ಒಂಬತ್ತು ಸೆಕೆಂಡ್ ಹೆಚ್ಚಾಗಿತ್ತು. ವಯಸ್ಸಿನ ಲೆಕ್ಕದಲ್ಲಿ ನನಗೆ ಈ ವರ್ಷವೇ ಕೊನೆ. ಮನೆಯವರಿಗೆ ಮಾತ್ರ ಗೊತ್ತಿದ್ದ ಸೋಲನ್ನು ಈ ಅಪರಿಚಿತ ಮರವಂತೆಯ ಮರಳಲ್ಲಿ ನಿಂತು ಸಾರುತ್ತಿದ್ದ.

"ನಾವ್ ಮೀನ್ ಬಲಿ ಎಳೂವರ್. ಕೈಕಾಲ್ ಕುಣ್ಸುಕೆ ಪುರ್ಸೊತ್ತಿಲ್ಲ," ಎಂದು ಹೇಳಿ ಓಡಿದೆ. ಮುನ್ನೂರು ಮೀಟರಿಗೆ ಕಾಲು ಹಿಡಿಯಿತು.

ಅವನ ಹೆಸರು ಕೌಶಲ್ ಅಂತ ಅಪ್ಪಯ್ಯನ ಜೊತೆ ಕಡಲಿಗೆ ಹೋಗುವ ಬಚ್ಚಣ್ಣನಿಂದ ತಿಳಿಯಿತು. "ನಿಂಗ್ ಗೊತ್ತಿಲ್ಯಾ ಮೋಕ್ಷಿತಾ, ಬೈಂದೂರ್ ಹೋಟ್ಲಿನವ್ರ ಮಗ. ಕಾಲೇಜಗೆ ಭಾರಿ ಓಡ್ತಿದ್ದ ಅಂಬ್ರ್. ಒಂದಿನ ಮೈ ಬಿಸಿ ಮಾಡ್ಕಣ್ದೆ ಓಡಿ, ಕಾಲಿನ ನರ ಹರ್ಕಂಡ." ಸ್ವಲ್ಪ ಪಾಪ ಅನ್ನಿಸಿತು. ಮರುದಿನ ಅವನು ಬಾಯಿ ತೆರೆದ ಕೂಡಲೇ ಆ ಪಾಪವೂ ಹೋಯಿತು.

ಈಗ ಅವನು ಶೂಗಳನ್ನು ಹೈವೇ ಬದಿಯ ಬೈಕಿನ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ಬರುತ್ತಿದ್ದ. ಬೈಯಲು ಕಾರಣವೇ ಇಲ್ಲದಂತೆ ಮಾಡಿದ್ದಕ್ಕೆ ನನಗೆ ಇನ್ನೂ ಸಿಟ್ಟು. ಮೊಬೈಲಿನಲ್ಲಿ ನನ್ನ ಓಟದ ಸಮಯ ಹಿಡಿದು ಕೂಗುತ್ತಿದ್ದ.

"ಎರಡ್ ನಿಮಿಷ ಆರ್ ಸೆಕೆಂಡ್!"

"ನಾನ್ ಕೇಂಡಿದ್ನಾ?"

"ಇಲ್ಲ."

"ಮತ್ತೆಂತಕ್ ಹೇಳ್ತ್ರಿ?"

"ಅಷ್ಟ್ ನೋವಗೂ ತುಟಿ ಕಚ್ಕಂಡ್ ಓಡ್ತ್ರಿ. ನಂಗ್ ಅದನ್ನ ಕಾಂಬುಕೆ ಆತಿಲ್ಲ."

ಅವನ ಕಣ್ಣು ನನ್ನ ಕಾಲಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು. ಮುಖ ತಿರುಗಿಸಿಕೊಂಡೆ. ಕುತ್ತಿಗೆ ಬಿಸಿಯಾದದ್ದು ಓಟದಿಂದಲ್ಲ ಅಂತ ಗೊತ್ತಾಗಿ ಅವನನ್ನು ಮನಸಾರೆ ದ್ವೇಷಿಸಿದೆ.

ಹೋದ ವರ್ಷ ಓಟದ ಪ್ರಾಕ್ಟೀಸ್ ಶುರು ಮಾಡಿದ ದಿನದಿಂದ ನಾನು ದೋಣಿ ತಳ್ಳುವುದನ್ನು ಅಮ್ಮ ನಿಲ್ಲಿಸಿಬಿಟ್ಟಿದ್ದಳು. ಕಾಲಿನ ಬಲವೆಲ್ಲ ಓಟಕ್ಕೇ ಇರಲಿ ಅಂತ. ಅಪ್ಪಯ್ಯ, ಬಚ್ಚಣ್ಣ, ಅವರ ಜೊತೆಗಾರ ಕಿಟ್ಟಣ್ಣ ದೋಣಿಯನ್ನು ನೀರಿಗೆ ತಳ್ಳುವಾಗ ನಾನು ಕೈಕಟ್ಟಿ ನಿಂತು, ಆಮೇಲೆ ತಣ್ಣಗಿನ ಮೈಯಲ್ಲೇ ಓಡುತ್ತಿದ್ದೆ.

ಒಂದು ದಿನ ಬಚ್ಚಣ್ಣನಿಗೆ ಜ್ವರ. ದೋಣಿ ಅಲುಗಲಿಲ್ಲ. ಕೌಶಲ್ ಬಂದು, ಮೊದಲು ದೋಣಿಯನ್ನು ಮುಟ್ಟಿ ಕೈ ಮುಗಿದು, ಆಮೇಲೆ ಹೆಗಲು ಕೊಟ್ಟ. ಅಭ್ಯಾಸವಿಲ್ಲದ ಹೆಗಲು, ದೋಣಿ ಆಗಲೂ ಅಲುಗಲಿಲ್ಲ. "ಇನ್ನೊಬ್ರ್ ಬೇಕ್," ಎಂದ, ನನ್ನನ್ನೇ ನೋಡುತ್ತಾ.

"ಗೊತ್ತಿತ್ತ್!" ಎಂದು ರೇಗಿ ನಾನೂ ಹೆಗಲು ಕೊಟ್ಟೆ. ಅವನ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಇಬ್ಬರೂ ಸರಿಯಲಿಲ್ಲ.

ದೋಣಿ ನೀರಿಗಿಳಿಯಿತು. ಬೆವರುತ್ತಾ ಹಾಗೇ ಓಡಿದೆ. ಮುನ್ನೂರು ಮೀಟರ್ ದಾಟಿತು. ಎಡಗಾಲು ತಕರಾರು ಮಾಡಲಿಲ್ಲ.

"ಒಂದ್ ನಿಮಿಷ ಐವತ್ಮೂರ್!" ಅವನು ಮೊಬೈಲ್ ಎತ್ತಿ ತೋರಿಸಿದ. "ಕಂಡ್ರಾ? ದೋಣಿ ತಳ್ಳೂದೇ ನಿಮ್ಗ್ ವಾರ್ಮಪ್."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಯಾಕೆಂದರೆ ಅವನ ಮಾತು ಸರಿ. ಚಿಕ್ಕಂದಿನಿಂದ ತಳ್ಳಿದವಳು ನಾನು. ತಳ್ಳುವುದು ಬಿಟ್ಟ ಮೇಲೆಯೇ ಕಾಲು ಹಿಡಿಯಲು ಶುರುವಾದದ್ದು.

ಅಲ್ಲಿಂದ ದಿನಾ ತಳ್ಳಿದೆವು, ದಿನಾ ಜಗಳವಾಡಿದೆವು.

ಫಿಸಿಕಲ್ ದಿನ ಮೈದಾನದ ಗೇಟಿನ ಹೊರಗೆ ಹುಡುಗಿಯರ ಸಾಲು. ಸುತ್ತ ಜಲ್ಲಿಕಲ್ಲು. ಕೌಶಲ್ ಬಂದಿದ್ದ.

"ಇಲ್ಲಿ ತಳ್ಳುಕೆ ದೋಣಿ ಇಲ್ಲ," ಎಂದೆ. ಅವನೆದುರು ಮೊದಲ ಸಲ ಹೆದರಿದ್ದೆ.

ಅವನು ಶೂ ಕಳಚಿ ಕಾಲೂರಿ ನಿಂತ. "ನಾನಿದ್ದೆ. ತಳ್ಳಿ."

"ಬೀಳ್ತ್ರಿ."

"ಬೀಳ್ಸಿ, ಕಾಂಬ."

ಅವನ ಎದೆಗೆ ಎರಡೂ ಅಂಗೈ ಕೊಟ್ಟು, ನಾಲ್ಕು ತಿಂಗಳ ಸಿಟ್ಟನ್ನೆಲ್ಲ ಸೇರಿಸಿ ತಳ್ಳಿದೆ. ಥೇಟ್ ದೋಣಿಯ ಹಾಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಗೇಟಿನಿಂದ ರಸ್ತೆಯವರೆಗೆ, ರಸ್ತೆಯಿಂದ ಗೇಟಿನವರೆಗೆ ತಳ್ಳಿದೆ. ಮೈ ಬೆವರಿತು. ಆಗ ಅಂಗೈಯ ಕೆಳಗೆ ಏನೋ ಜೋರಾಗಿ ಬಡಿಯುತ್ತಿರುವುದು ತಿಳಿಯಿತು.

"ಓಡೂದ್ ನಾನ್. ನಿಮ್ಮ್ ಎದೆ ಎಂತಕ್ ಹೀಂಗ್ ಹೊಡ್ಕಂತಿತ್ತ್?"

"ನಾಲ್ಕ್ ತಿಂಗ್ಳಿಂದ ಹಾಂಗೇ. ನೀವ್ ಬೈಯೂದ್ ನಿಲ್ಸಿದ್ರ್ ಅಲ್ದಾ ನಾನ್ ಹೇಳೂದ್?"

ಉತ್ತರ ಕೊಡುವ ಮೊದಲೇ ನನ್ನ ನಂಬರ್ ಕೂಗಿದರು.

ಒಂದು ನಿಮಿಷ ನಲವತ್ತೊಂಬತ್ತು. ಪಾಸ್.

ಹೊರಗೆ ಓಡಿ ಬಂದಾಗ ಅವನು ಕಟ್ಟೆಯ ಮೇಲೆ ಕುಳಿತಿದ್ದ. ಜಲ್ಲಿಯಲ್ಲಿ ಅಂಗಾಲಿನ ಚರ್ಮ ಕಿತ್ತು ರಕ್ತ ಬಂದಿತ್ತು. ಸಂತೋಷಕ್ಕಿಂತ ಮೊದಲು ನನಗೆ ಸಿಟ್ಟು ಬಂತು.

"ಈ ಕಲ್ಲಗೆ ಶೂ ತೆಗಿ ಅಂದೋರ್ ಯಾರ್?"

"ನೀವ್ ಮುಟ್ಟಿ ತಳ್ಳೂ ಕಡೆ ನಾನ್ ಶೂ ಹಾಕುದಿಲ್ಲ."

ಕಣ್ಣು ತುಂಬಿತು. ಅವನಿಗೆ ಕಾಣಬಾರದೆಂದು ಕೆಳಗೆ ಕುಳಿತೆ. ನಾಲ್ಕು ತಿಂಗಳ ಹಿಂದೆ ಬೈದು ಇಳಿಸಿದ್ದ ಅದೇ ಕಾಲನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಕಲ್ಲು ತೆಗೆದೆ.

"ನಾಳೆ ಐದೂಮುಕ್ಕಾಲಿಗ್ ಬನಿ," ಎಂದೆ.

"ಫಿಸಿಕಲ್ ಮುಗಿತಲ್ದಾ?"

"ಜಗಳ ಮುಗಿಲಿಲ್ಲ."