ಹಾರದ ವಿಮಾನದ ಗುಂಯ್‌ಗುಟ್ಟು

ಮೆಣಸಿನ ಸ್ಟೋರಿನ ಬೀಗ ಬಾಯಿ ಬಿಟ್ಟಿತ್ತು. ಕೂಲಿಗಳ ಲೈನ್‌ಮನೆಯವರು ಬಾಯಿ ಮುಚ್ಚಿಕೊಂಡಿದ್ದರು. ಮೂರು ಮೂಟೆ ಕಾಳುಮೆಣಸು ಮಾಯ.

ಮಾರನಹಳ್ಳಿ ಪಕ್ಕದ ಆ ಎಸ್ಟೇಟಿಗೆ ಎಸ್‌ಐ ಸುಮನಾ ಬಂದಾಗ ವಾಚ್‌ಮನ್ ಜವರಪ್ಪ ಪಾತ್ರೆಗಳನ್ನು ಅಂಗಳಕ್ಕೆ ತಂದಿಡುತ್ತಿದ್ದ.

"ಮಧ್ಯಾಹ್ನದೊಳ್ಗೆ ಲೈನ್‌ಮನೆ ಖಾಲಿ ಮಾಡ್ಬೇಕಂತೆ ಮೇಡಮ್ಮೋರೆ. ನನ್ ಮ್ಯಾಲೇ ಅನ್ಮಾನ, ಸಾಹುಕಾರ್ರ ಹುಕುಂ."

"ನಿನ್ನೆ ಸಂಜೆ ಎಲ್ಲಿದ್ದೆ?"

"ಕುಯ್ಲು ಮುಗೀತಲ್ಲ, ಬಂಗಲೆ ಹಿಂದೆ ಬಾಡೂಟ. ಉಂಡ್ಬುಟ್ಟು ಬರೋದ್ರೊಳ್ಗೆ ಬೀಗ ಹೋಗ್ಬುಟ್ಟಿತ್ತು."

ಸುಮನಾ ವಾಚು ನೋಡಿಕೊಂಡಳು. ಮಧ್ಯಾಹ್ನ ದೂರವಿರಲಿಲ್ಲ.

*

ಸ್ಟೋರಿನ ಪಕ್ಕದ ಕಣದಲ್ಲಿ ಒಂದು ವಿಮಾನ. ರೆಕ್ಕೆ ಇಲ್ಲ, ಬಾಲ ಇಲ್ಲ, ಬರೀ ಹೊಟ್ಟೆ. ಕಣ ಬಾಡಿಗೆಗೆ ಹಿಡಿದ ಇಂಜಿನಿಯರ್ ಮೃತ್ಯುಂಜಯ ಅದರೊಳಗೆ ಸದ್ದಡಗಿಸುವ ಪ್ರಯೋಗ ಮಾಡುತ್ತಿದ್ದ. ಹೊರಗಿನ ಸ್ಪೀಕರು ಪ್ರೊಪೆಲ್ಲರಿನಂತೆ ಗುಂಯ್‌ಗುಡುತ್ತದೆ. ಒಳಗಿನ ಸ್ಪೀಕರುಗಳು ಅದಕ್ಕೆ ತದ್ವಿರುದ್ಧ ಅಲೆ ಬಿಡುತ್ತವೆ. ಅತ್ತೆ ಏರಿದಾಗ ಸೊಸೆ ಇಳಿಯುವ ಮನೆಯಂತೆ ಒಳಗೆಲ್ಲ ಶಾಂತಿ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮ ಕೇಳುವ ಮೊದಲೇ ಶುರು ಮಾಡಿದ. "ನಾನು ಬಾಡು ಮುಟ್ಟಲ್ಲ ಮೇಡಂ. ಮಿಷನ್ ನೋಡ್ಕೋ ಅಂದು ಇಂಜಿನಿಯರ್ರು ಊಟಕ್ಕೋದ್ರು. ನಾನೊಬ್ನೇ ಒಳ್ಗೆ ಕೂತಿದ್ದೆ. ಬೀಗ ಒಡೆದಿದ್ದು ಒಂಚೂರೂ ಕೇಳ್ಲಿಲ್ಲ. ಎಲ್ಲಾ ಸದ್ದೂ ನುಂಗ್ಬುಡ್ತೈತೆ ಅದು."

"ಹಾಕಿ, ನೋಡೋಣ," ಎಂದು ಮೃತ್ಯುಂಜಯನಿಗೆ ಹೇಳಿ ಸುಮನಾ ಒಳಗೆ ಕೂತಳು.

ಗುಂಯ್ ಅಡಗಲಿಲ್ಲ. ಕಿರುಚತೊಡಗಿತು. ಮೃತ್ಯುಂಜಯ ತಲೆ ಕೆರೆದುಕೊಂಡ. "ನಿನ್ನೆ ಪಿಸುಮಾತೂ ಕೇಳಿಸ್ತಿತ್ತು!"

"ಪಿಸುಮಾತಾ? ಎಲ್ಲ ಸದ್ದೂ ನುಂಗಲ್ವಾ?"

"ಇಲ್ಲ ಮೇಡಂ. ಒಂದೇ ಸಮ ಬರೋ ಗುಂಯ್ ಮಾತ್ರ. ಅದು ಹೋದ್ರೆ ಮಾತು, ಬಡಿತ ಇನ್ನೂ ಚೆನ್ನಾಗಿ ಕೇಳುತ್ತೆ."

"ಇವತ್ತೇನು ರೋಗ?"

"ಖಾಲಿ ಕ್ಯಾಬಿನ್ನಿಗೆ ಹೊಂದಿಸಿದ್ದೆ. ಒಳಗೆ ಏನಾದ್ರೂ ತುಂಬಿದ್ರೆ ಸದ್ದಿನ ದಾರಿ ತಪ್ಪುತ್ತೆ."

ಸುಮನಾ ಸೀಟಿನ ಹಿಂದಿನ ಹಲಗೆ ಕಿತ್ತಳು. ಸಾಕ್ಷಿಗಿಂತ ಮುಂಚೆ "ಆಕ್ಷಿ!" ಬಂತು. ಮೂರೂ ಮೂಟೆ ಅಲ್ಲೇ.

*

"ಧರ್ಮ, ಮೂಟೆ ಬರೋ ಮುಂಚೆ ಒಳಗಿದ್ದಿದ್ರೆ ಬೀಗ ಒಡೆದ ಸದ್ದು ಕೇಳ್ಬೇಕಿತ್ತು. ಬಂದ ಮೇಲೆ ಕೂತಿದ್ರೆ ಈ ಕಿರುಚಾಟ ಕೇಳ್ಬೇಕಿತ್ತು. ನಿಂಗೆ ಎರಡೂ ಕೇಳಿಲ್ಲ. ಯಾಕಂದ್ರೆ ನೀನು ಕೂತೇ ಇರ್ಲಿಲ್ಲ, ಮೂಟೆ ಹೊರ್ತಿದ್ದೆ."

ಧರ್ಮ ನೆಲ ನೋಡಿದ. "ನಾಳೆ ವಿಮಾನ ಲಾರಿ ಹತ್ತೋದು... ಜೊತೆಗೆ ನಾನೂ. ಗೇಟಲ್ಲಿ ಯಾರು ವಿಮಾನ ಬಿಚ್ಚಿ ನೋಡ್ತಾರೆ ಅಂದ್ಕೊಂಡೆ."

ಹಾರದ ವಿಮಾನದಲ್ಲಿ ಅವನ ಮಾನ ಹಾರಿಹೋಯಿತು.

ಸುದ್ದಿ ತಿಳಿದು ಲೈನಿಗೆ ಬಂದ ಸಾಹುಕಾರ ಸುಬ್ಬಯ್ಯ ಕೆಮ್ಮಿ, "ಒಳ್ಗೆ ನಡಿಯೋ ಜವರಪ್ಪ," ಎಂದರು. ಜವರಪ್ಪ ಪಾತ್ರೆಗಳನ್ನು ಒಂದೊಂದಾಗಿ ಒಳಗೆ ಕುಕ್ಕತೊಡಗಿದ. ಢಣ್! ಢಣ್!

"ಮೆಲ್ಲಗಿಡೋ ಮಾರಾಯ!"

"ಕೇಳ್ಲಿ ಬುಡಿ ಸಾಹುಕಾರ್ರೆ. ಹೊರಗಾಕಿದ್ದು ಇಡೀ ಲೈನ್‌ಗೆ ಕೇಳ್ಸಿತ್ತಲ್ಲ."