ಕತ್ತು ಬಗ್ಗಿಸಿದ ದೀಪ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೀಪದ ಡಿಸೈನರ್ ದೂರು ಹೇಳುವ ಮೊದಲೇ ಅತ್ತುಬಿಟ್ಟ. ಅವನ ಹೆಸರುವಾಸಿ ಮೇಜಿನ ದೀಪದ ಮರದ ಅಚ್ಚು ಭಾನುವಾರ ಕಳುವಾಗಿತ್ತು. ಹಿತ್ತಾಳೆ ಕೊಳವೆಗೆ ಮರಳು ತುಂಬಿ, ಕಾಯಿಸಿ, ಆ ಅಚ್ಚಿಗೆ ಒತ್ತಿ ಬಗ್ಗಿಸಿದರೆ ದೀಪದ ಕತ್ತು ಸಿದ್ಧ. ಅಚ್ಚಿಲ್ಲದೆ ದೀಪವಿಲ್ಲ. ಎರಡು ಸಾವಿರ ದೀಪ ಮಾಡಿಕೊಡುವುದಾಗಿ ಅವನು ಶುಕ್ರವಾರವಷ್ಟೇ ಸಹಿ ಹಾಕಿದ್ದ. ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಹತ್ತೂ ಮುಕ್ಕಾಲಿಗೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಇಬ್ಬರೂ ವರ್ಕ್‌ಶಾಪ್ ತಲುಪಿದರು. ಬೀಗ ಒಡೆದಿರಲಿಲ್ಲ. ಇಬ್ಬರು ಕೆಲಸಗಾರರನ್ನು ವಿಚಾರಿಸಿದ್ದಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವರಿರಲಿಲ್ಲ. ಪಂಚರನ್ನು ಕರೆಸಿ ಪಂಚನಾಮೆ ಬರೆಯುವಾಗ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತರು. ಅಚ್ಚು ಇದ್ದ ಜಾಗದ ಪಕ್ಕದಲ್ಲೇ ಒಂದು ದೀಪವಿತ್ತು. ಪ್ಲಗ್ ಕಿತ್ತು, ವೈರನ್ನು ಎಂಟರ ಆಕಾರದಲ್ಲಿ ಸುತ್ತಿ ದಾರ ಕಟ್ಟಲಾಗಿತ್ತು.

“ಶನಿವಾರ ಇದು ಉರೀತಿತ್ತಾ?”

“ಉರೀತಿತ್ತು ಸಾರ್. ನಾನು ಇದನ್ನ ಆರಿಸೋದೇ ಇಲ್ಲ,” ಎಂದ ಡಿಸೈನರ್.

“ಮರ್ಯಾದಸ್ಥ ಕಳ್ಳ ಸಾರ್,” ಎಂದ ಹೆಡ್ ಕಾನ್‌ಸ್ಟೆಬಲ್. “ನನ್ನ ಮಗ ಸ್ವಂತ ಚಾರ್ಜರ್ ಕೂಡ ಸುತ್ತಿಡಲ್ಲ.”

ಇನ್ಸ್‌ಪೆಕ್ಟರ್ ನಗಲಿಲ್ಲ. ಮೂಲೆಯಲ್ಲಿದ್ದ ದೀಪದ ಮೂರು ಪೆಟ್ಟಿಗೆ ಬಿಚ್ಚಿಸಿದರು. ಮೂರರಲ್ಲೂ ಅದೇ ಸುತ್ತು, ಅದೇ ಗಂಟು.

“ಪ್ಯಾಕ್ ಮಾಡೋದು ಯಾರು?”

“ಅಕ್ಕ.”

“ಕೊಳವೆ ಬಗ್ಗಿಸೋದು?”

ಡಿಸೈನರ್ ತಡವರಿಸಿದ. “ಚಿತ್ರ ಬರೆಯೋದು ನಾನು. ಬಗ್ಗಿಸೋದು... ಅದೂ ಅಕ್ಕನೇ.”

ಪೆಟ್ಟಿಗೆಯೊಳಗೆ ಒಂದು ಚೀಟಿಯಿತ್ತು: ‘ನಿರ್ಮಾತೃವಿನ ಹಿನ್ನೆಲೆ’. ನಲ್ಲಿ ರಿಪೇರಿ ಮಾಡುತ್ತಿದ್ದ ಅಪ್ಪನ ಅಂಗಡಿಯಲ್ಲಿ ಕೊಳವೆಗಳ ಜೊತೆ ಆಡಿ ಬೆಳೆದವನಂತೆ ಇವನು. ಅಕ್ಕನ ಬಗ್ಗೆ ಅರ್ಧ ಸಾಲೂ ಇರಲಿಲ್ಲ. ನಿಜ ಕೇಳಿದರೆ ಕಾದ ಲೋಹದ ವಾಸನೆಗೇ ಇವನಿಗೆ ವಾಂತಿ ಬರುತ್ತಿತ್ತಂತೆ. ಅಂಗಡಿಯಲ್ಲಿ ಕೂತವಳು ಅಕ್ಕ.

ಅಕ್ಕನ ಕೋಣೆ ವರ್ಕ್‌ಶಾಪಿನ ಮಹಡಿಯ ಮೇಲೇ ಇತ್ತು. ಮೆಟ್ಟಿಲು ಇಳಿದರೆ ಕೆಲಸ, ಹತ್ತಿದರೆ ಮನೆ. ಹನ್ನೆರಡೂ ಹತ್ತಕ್ಕೆ, ಠಾಣೆಯಿಂದ ಕರೆಸಿದ್ದ ಮಹಿಳಾ ಕಾನ್‌ಸ್ಟೆಬಲ್ ಬಾಗಿಲು ತಟ್ಟಿದಳು. ನಲವತ್ತೈದು ದಾಟಿದ ಹೆಂಗಸು ಬಾಗಿಲು ತೆರೆದು, ಕೇಳುವ ಮೊದಲೇ ಒಲೆ ತೋರಿಸಿದಳು. ಅಚ್ಚಿನ ಅರೆಸುಟ್ಟ ತುಂಡುಗಳನ್ನು ಜಪ್ತಿ ಮಾಡಲಾಯಿತು.

“ಅಚ್ಚು ಮಾಡಿದ್ದೂ ನಾನೇ ಸಾರ್,” ಎಂದಳು.

“ಇರಬಹುದಮ್ಮ,” ಎಂದರು ಇನ್ಸ್‌ಪೆಕ್ಟರ್. “ಕಾಗದದಲ್ಲಿ ಅದು ನಿಮ್ಮ ತಮ್ಮನದು. ಹೆಸರು ಹಾಕಿಲ್ಲ ಅಂತ ಸಿಟ್ಟಾ?”

“ಹೆಸರು ಕಟ್ಕೊಂಡು ನಾನೇನ್ ಮಾಡ್ಲಿ? ಹನ್ನೊಂದು ವರ್ಷದಿಂದ ಒಂದೇ ಕತ್ತು ಬಗ್ಗಿಸ್ತಿದೀನಿ. ಇನ್ನೂ ಎರಡು ಸಾವಿರ ಅಂತೆ. ನನ್ನನ್ನ ಒಂದು ಮಾತು ಕೇಳ್ಲಿಲ್ಲ.”

“ಬಿಟ್ಟು ಹೋಗ್ಬಹುದಿತ್ತಲ್ಲ?”

“ಎರಡು ಸಲ ಹೋದೆ. ಬಂದು ಬಾಗಿಲಲ್ಲಿ ಕೂತು ಅಳ್ತಾನೆ ಸಾರ್. ಬಯ್ಯೋನಾಗಿದ್ರೆ ತಿರುಗಿ ಬಯ್ಬಹುದು. ಅಳೋನಿಗೆ ಏನ್ ಮಾಡ್ಲಿ?”

ಇನ್ಸ್‌ಪೆಕ್ಟರಿಗೆ ಪಾಪ ಅನ್ನಿಸಿತು. ಆದರೂ ಮಧ್ಯಾಹ್ನ ಒಂದೂವರೆಗೆ ಬಂಧನವಾಯಿತು.

ಮೂರು ಗಂಟೆಗೆ ಡಿಸೈನರ್ ಠಾಣೆಗೆ ಓಡಿಬಂದ. ಕಣ್ಣು ಕೆಂಪಾಗಿತ್ತು. “ಅಕ್ಕಾ, ದೂರು ವಾಪಸ್ ತಗೋತೀನಿ. ಬಾ, ಇನ್ನೊಂದು ಅಚ್ಚು ಮಾಡ್ಕೊಳ್ಳೋಣ.”

ಅವಳು ಗಾಬರಿಯಿಂದ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. “ವಾಪಸ್ ತಗೊಳ್ಳೋಕಾಗುತ್ತಾ ಸಾರ್?”

“ಎಫ್‌ಐಆರ್ ಆಗಿದೆ. ಇನ್ನೇನಿದ್ರೂ ಕೋರ್ಟಲ್ಲಿ.”

ಅವಳು ಬೆಂಚಿಗೆ ಒರಗಿದಳು. ಹೆದರಿದ್ದಾಳೆಂದುಕೊಂಡ ಇನ್ಸ್‌ಪೆಕ್ಟರ್ ಸಮಾಧಾನ ಹೇಳಿದರು. “ಚಿಂತೆ ಮಾಡ್ಬೇಡಿ. ನಾಳೆನೇ ಜಾಮೀನು ಸಿಗುತ್ತೆ.”

“ನಾಳೆನೇನಾ?” ಎಂದಳು ಅವಳು, ಮುಖ ಸಪ್ಪಗೆ ಮಾಡಿಕೊಂಡು.

ಅಂದಿನ ಕೇಸ್ ಡೈರಿಯ ಕೊನೆಯಲ್ಲಿ ಇನ್ಸ್‌ಪೆಕ್ಟರ್ ಬರೆದರು: ‘ಜಾಮೀನಿಗೆ ಯಾರು ನಿಲ್ಲುತ್ತಾರೆಂದು ಕೇಳಲಾಗಿ, ಆರೋಪಿಯು ಯಾರ ಹೆಸರನ್ನೂ ಹೇಳಿರುವುದಿಲ್ಲ.’