ರಾಜಿಯ ಹೆಸರಿನ ಲಕೋಟೆ

"ಏಯ್! ನಮ್ಮ ನಾಯಿ ಬಾಯಿಗೆ ಎಂತ ಹಾಕ್ತಾ ಇದ್ರಿ?"

ಅಂಗನವಾಡಿಯ ಕೆಲಸ ಮುಗಿಸಿ ಆಗಷ್ಟೇ ಬಂದ ಅರ್ಚನಾ, ಕೈಲಿದ್ದ ಕೊಡೆಯನ್ನು ದೊಣ್ಣೆಯ ಹಾಗೆ ಎತ್ತಿ ಹಿಡಿದು ಗೇಟಿನಲ್ಲೇ ನಿಂತುಬಿಟ್ಟಳು.

ಬಲೆ ಹರವಿದ್ದ ಅಂಗಳದ ನಡುವೆ ಗುರುತಿಲ್ಲದ ಗಂಡಸೊಬ್ಬ ಮಂಡಿಯೂರಿ ಕುಳಿತಿದ್ದ. ಅವನ ಒಂದು ಕೈ ಬಂಗ್ಡೆಯ ದವಡೆಯ ಮೇಲೆ, ಇನ್ನೊಂದು ಕೈಯಲ್ಲಿ ಸಣ್ಣದೊಂದು ಬ್ರಷ್ಷು.

ಬಂಗ್ಡೆ ಅಂದರೆ ಮೀನಲ್ಲ ಮತ್ತೆ! ಆರು ವರ್ಷದ ಕಪ್ಪು ಡಾಬರ್‌ಮನ್. ಮರಿಯಿದ್ದಾಗ ಅರ್ಚನಾಳ ಅಮ್ಮ ನಾಗಮ್ಮನ ಮೀನಿನ ಬುಟ್ಟಿಯಿಂದ ಒಂದೇ ದಿನ ಒಂಬತ್ತು ಬಂಗಡೆ ಕದ್ದು ತಿಂದು ಈ ಹೆಸರು ಸಂಪಾದಿಸಿದವನು. ಪೋಸ್ಟ್‌ಮ್ಯಾನನ್ನೂ ಗೇಟು ದಾಟಲು ಬಿಡದ ಆ ಶೂರ, ಈಗ ಬಾಲ ಅಲ್ಲಾಡಿಸುತ್ತಾ ಬಾಯಿ ಕಳೆದು ಕೂತಿದ್ದಾನೆ!

"ಕೆನ್ನೆ ಒಳಗಿನ ಎಂಜಲು ಬೇಕಿತ್ತು," ಎಂದ ಆತ, ತಲೆ ಎತ್ತದೆ. "ಪರೀಕ್ಷೆಗೆ. ನಿಮ್ಮ ಅಪ್ಪನ ಹತ್ರ ಕೇಳಿಯೇ ಮಾಡೂದು."

"ಎಂತ ಪರೀಕ್ಷೆ?"

"ಹೃದಯದ್ದು. ಈ ಜಾತಿ ನಾಯಿಗೆ ಅಪ್ಪ ಅಮ್ಮನಿಂದ್ಲೇ ಒಂದು ಹೃದಯದ ಕಾಯಿಲೆ ಬರ್ತದೆ. ಹೊರಗೆ ಎಂತದೂ ಕಾಣೂದಿಲ್ಲ. ಎಂಜಲು ನೋಡಿದ್ರೆ ಆ ಜೀನ್ ಅದೆಯೋ ಇಲ್ವೋ ತಿಳೀತದೆ."

"ಇದ್ರೆ?"

"ಇದ್ರೆ ರೋಗ ಬಂದೇ ಬರ್ತದೆ ಅಂತಲ್ಲ. ಎಚ್ಚರ ಇರ್ಬೇಕು ಅಂತ."

ಅರ್ಚನಾಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ಸಿಟ್ಟು ಬರುವುದು ಅವಳ ಹುಟ್ಟುಗುಣ.

"ಚಲೋ ಇದ್ದ ನಾಯಿಗೆ ರೋಗ ಹಚ್ಚೂಕೆ ಮಾವಳ್ಳಿ ತನಕ ಬಂದ್ರಾ? ಎದ್ದೇಳಿ ಮೊದ್ಲು!"

ಆತ ಎದ್ದ. ಆಗ ಅವಳು ಅವನ ಕಣ್ಣು ನೋಡಿದಳು. ಕೆಂಪಗಿದ್ದವು. ನಿದ್ದೆಗೆಟ್ಟ ಕಣ್ಣೋ, ಅತ್ತ ಕಣ್ಣೋ... ಅವಳಿಗೆ ತಿಳಿಯಲಿಲ್ಲ.

ಬ್ರಷ್ಷನ್ನು ಆತ ಕಿಟಕಿಯ ಪಕ್ಕ ಒಣಗಲು ಇಟ್ಟು, ಒಂದು ಕಾಗದದ ಲಕೋಟೆಯನ್ನು ಅವಳ ಅಮ್ಮನ ಕೈಗೆ ಕೊಟ್ಟ. "ಒಣಗಿದ ಮೇಲೆ ಇದ್ರಲ್ಲಿ ಹಾಕಿ, ನಾಳೆ ಪೋಸ್ಟಿಗೆ ಕೊಡಿ. ಕೆಡದ ಹಾಗೆ ನೋಡ್ಕೊಳ್ಳಿ ಅಮ್ಮಾ. ನಾನು ಭಟ್ಕಳಕ್ಕೆ ಹೋಗ್ಬೇಕು, ಅಲ್ಲೊಂದು ನಾಯಿ ಅದೆ."

ಅವನ ಬೈಕು ತಿರುವು ದಾಟಿದ ಮೇಲೆ, ಜಗಲಿಯಲ್ಲಿದ್ದ ಅವಳ ಅಪ್ಪ ಈರ, ಬಲೆ ಹೊಲಿಯುವುದನ್ನು ನಿಲ್ಲಿಸಿದ.

"ಯಾರಿಗೆ ಬಯ್ದೆ ಗೊತ್ತದೆಯಾ? ಹೊನ್ನಾವರ ಬಂದರದ ನಾಗಪತಿ, ಬೋಟಿನ ಎಂಜಿನ್ ರಿಪೇರಿ ಮಾಡ್ತ. ನಮ್ಮ ಬಂಗ್ಡೆಯ ಒಡಹುಟ್ಟಿದ ತಂಗಿ ಅವನ ಮನೇಲಿತ್ತು. ರಾಜಿ ಅಂತ. ಹೋದ ತಿಂಗಳು ಕಡಲ ದಂಡೆಲಿ ಓಡ್ತಾ ಓಡ್ತಾ ಬಿತ್ತು. ಅಷ್ಟೇ. ಈಗ ಆ ಸೂಲಿನ ಮರಿ ಎಲ್ಲೆಲ್ಲಿ ಅವೆ ಅಂತ ಕುಮಟಾ, ಕತಗಾಲ ಎಲ್ಲ ಕಡೆ ಹುಡುಕ್ತಾ ತಿರುಗ್ತಾ ಅವ್ನೆ. ಉಳಿದವಾದ್ರೂ ಬದುಕ್ಲಿ ಅಂತ."

ಅರ್ಚನಾಳ ಕೈಯಿಂದ ಕೊಡೆ ಕೆಳಗೆ ಬಿತ್ತು.

'ಅಯ್ಯೋ ದೇವರೇ... ಎಂತ ಮಾತಾಡಿಬಿಟ್ಟೆ ನಾನು!'

ಮರುದಿನ ಸಂಜೆ ಅವನೇ ಫೋನು ಮಾಡಿದ. ಲಕೋಟೆ ಹೋಯಿತಾ ಎಂದು ಕೇಳಲು.

"ಹೋತು. ಅಪ್ಪನೇ ಕೊಟ್ಟು ಬಂದ. ಮತ್ತೆ... ನಿನ್ನೆ ನಾನು ಹಾಗೆ ಹೇಳ್ಬಾರ್ದಿತ್ತು."

"ಎಂತ ಹೇಳಿದ್ರಿ? ನನಗೆ ಕೊಡೆ ಮಾತ್ರ ನೆನಪದೆ."

ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಫೋನು ದಿನಾ ಬರತೊಡಗಿತು. ನೆಪ ಬಂಗ್ಡೆಯದು. ಉಂಡನಾ, ಓಡಿದನಾ, ಏದುಸಿರು ಬಂತಾ... ಅವನ ಆರೋಗ್ಯದ ವರದಿ ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು, ಮಾತು ಮಾತ್ರ ಮುಗಿಯುತ್ತಿರಲಿಲ್ಲ. ಏಳು ಗಂಟೆಗೆ ಫೋನು ಸದ್ದಾಗುವ ಮೊದಲೇ ಅದು ಅರ್ಚನಾಳ ಕೈಯಲ್ಲಿರುತ್ತಿತ್ತು. ಇದಕ್ಕೆ ಏನೆನ್ನುತ್ತಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅವಳಿಗೊಬ್ಬಳಿಗೆ ಗೊತ್ತಿರಲಿಲ್ಲ.

ಒಮ್ಮೆ ಅವನು ಹೇಳಿದ್ದ. "ಡಾಕ್ಟ್ರು ಮೊದ್ಲೇ ಹೇಳಿದ್ರು, ರಾಜಿ ಎದೆಬಡಿತ ತಪ್ಪುತ್ತದೆ, ಪರೀಕ್ಷೆ ಮಾಡ್ಸು ಅಂತ. ಮೀನಿನ ಸೀಸನ್ ಮುಗೀಲಿ ಅಂದೆ. ದಿನವಿಡೀ ಎಂಜಿನ್ ಸದ್ದು ಕೇಳಿ ಎಲ್ಲಿ ಕೆಟ್ಟದೆ ಅಂತ ಹೇಳ್ತೆ ನಾನು... ನನ್ನ ಕಾಲ ಬುಡದಲ್ಲೇ ಮಲಗೂದ್ರ ಎದೆ ಸದ್ದು ಕೇಳ್ಲಿಲ್ಲ."

ಆ ದಿನ ಫೋನಿಟ್ಟ ಮೇಲೂ ಅರ್ಚನಾ ಎಷ್ಟೋ ಹೊತ್ತು ಬಂಗ್ಡೆಯ ಎದೆಗೆ ಕಿವಿಯಿಟ್ಟು ಕುಳಿತಿದ್ದಳು.

ಹದಿನೆಂಟನೇ ದಿನ ಫೋನು ಬರಲಿಲ್ಲ. ನಾಗಪತಿಯ ಸಂದೇಶ ಬಂತು.

'ಲ್ಯಾಬಿಗೆ ಹೋದ ಎಂಜಲು ಪೂರ್ತಿ ಹಾಳಾಗಿದೆಯಂತೆ. ಲಕೋಟೆ ನೀರು ಕುಡಿದು ಬೂಸ್ಟು ಹಿಡಿದು ಮೀನು ವಾಸನೆ ಬರ್ತಿತ್ತಂತೆ. ಪರೀಕ್ಷೆ ಬೇಡವಾಗಿದ್ರೆ ನೇರ ಹೇಳ್ಬಹುದಿತ್ತು.'

ಅರ್ಚನಾ ಎರಡೆರಡು ಸಲ ಓದಿದಳು. ಮುಖಕ್ಕೆ ಹೊಡೆದಂತಾಯಿತು.

'ಅಂದರೆ... ಬೇಕೆಂದೇ ಹಾಳು ಮಾಡಿದೆ ಅಂತನಾ? ಇಷ್ಟು ದಿನ ಮಾತಾಡಿದ್ದು ಯಾರ ಹತ್ತಿರ ಹಾಗಾದ್ರೆ?'

ಉತ್ತರ ಕೊಡಲಿಲ್ಲ. ಅವನೂ ಮತ್ತೆ ಫೋನು ಮಾಡಲಿಲ್ಲ. ಏಳು ಗಂಟೆ ಬರುತ್ತಿತ್ತು, ಹೋಗುತ್ತಿತ್ತು. ಅವಳ ಮೋರೆ ನೋಡಿ ಬಂಗ್ಡೆಯೂ ಅನ್ನ ಬಿಟ್ಟ.

ಐದನೇ ದಿನ ಬೆಳಿಗ್ಗೆ ದಂಡೆಯಲ್ಲಿ ಏಡಿ ಅಟ್ಟುತ್ತಿದ್ದ ಬಂಗ್ಡೆ ನಡುದಾರಿಯಲ್ಲೇ ಕುಳಿತುಬಿಟ್ಟ. ನಾಲಿಗೆ ಹೊರಗೆ, ಕಾಲು ನಡುಗುತ್ತಿತ್ತು. ಅವಳ ಕಡೆ ನೋಡಿದ, ಏಳಲಿಲ್ಲ.

"ಬಂಗ್ಡೇ!"

ಒಂದು ನಿಮಿಷಕ್ಕೆ ಎದ್ದ, ನಿಜ. ಆದರೆ ಆ ಒಂದು ನಿಮಿಷದಲ್ಲಿ ಅರ್ಚನಾಳ ಜೀವ ಬಾಯಿಗೆ ಬಂದಿತ್ತು. ಮನೆಗೆ ಬಂದವಳೇ ಅಮ್ಮನ ಮಡಿಲಲ್ಲಿ ಮುಖ ಹುಗಿದು ಗೋಳೋ ಎಂದಳು.

"ಆ ಪರೀಕ್ಷೆ ಒಂದು ಸರಿ ಆಗಿದ್ರೆ ಗೊತ್ತಾಗ್ತಿತ್ತು ಅಮ್ಮಾ... ಹೇಗೆ ಹಾಳಾತೋ!"

"ಹಾಳಾಗೂದು ಹೇಗೆ?" ನಾಗಮ್ಮ ಗಾಬರಿಯಾದಳು. "ಕೆಡಬಾರ್ದು ಅಂತ ಅವನೇ ಹೇಳಿದ್ದ. ನಾನು ಚಂದ ಮಾಡಿ ಪ್ಲಾಸ್ಟಿಕ್ಕಲ್ಲಿ ಸುತ್ತಿ, ರಾತ್ರಿಯಿಡೀ ಐಸಲ್ಲಿ ಇಟ್ಟಿದ್ದೆ!"

"ಎಲ್ಲಿ?!"

"ಮೀನಿನ ಪೆಟ್ಟಿಗೇಲಿ. ಇಸ್ವಾಣ ಮೀನಿನ ಅಡಿಯಲ್ಲಿ. ಬೆಳಿಗ್ಗೆ ಒರೆಸಿ ನಿನ್ನ ಅಪ್ಪನ ಕೈಲಿ ಕೊಟ್ಟೆ."

ಹುಟ್ಟಿದಾಗಿನಿಂದ ಮೀನು ಮಾರಿದ ಹೆಂಗಸಿಗೆ, ಕೆಡಬಾರದೆಂದರೆ ಐಸು. ಇನ್ನೇನು ಗೊತ್ತಿರಬೇಕು ಹೇಳಿ! ಅರ್ಚನಾಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅಮ್ಮನ ಕೆನ್ನೆಗೊಂದು ಮುತ್ತು ಕೊಟ್ಟು, ಬಂಗ್ಡೆಯನ್ನು ಅಪ್ಪನ ಟೆಂಪೋಗೆ ಹತ್ತಿಸಿದಳು.

ಹೊನ್ನಾವರ ಬಂದರದಲ್ಲಿ ನಾಗಪತಿ ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು ಎಂಜಿನ್ನಿನ ಮೇಲೆ ಬಗ್ಗಿದ್ದ.

"ಹಾಳು ಮಾಡಿದ್ದು ನಾನಲ್ಲ!" ಅರ್ಚನಾ ಒಂದೇ ಉಸಿರಿಗೆ ಹೇಳಿದಳು. "ನಮ್ಮ ಅಮ್ಮ. ಕೆಡಬಾರ್ದು ಅಂತ ಐಸಲ್ಲಿ ಇಟ್ಟಿದ್ದು. ಇಸ್ವಾಣದ ಅಡಿಯಲ್ಲಿ! ಒಂದು ಮಾತು ಕೇಳ್ಬಹುದಿತ್ತು ನೀವು. ಕೇಳದೇ ನನ್ನನ್ನ..."

ಮಾತಿನ ನಡುವೆಯೇ ಅತ್ತುಬಿಟ್ಟಳು.

ನಾಗಪತಿ ಕಣ್ಣು ಬಿಟ್ಟು ನೋಡಿದ. ಆಮೇಲೆ ನಕ್ಕ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ರಾಜಿ ಹೋದ ಮೇಲೆ ಅವನು ಹೀಗೆ ನಕ್ಕಿದ್ದು ಅದೇ ಮೊದಲು.

"ತಪ್ಪಾತು ಅರ್ಚನಾ. ಮತ್ತೊಂದನ್ನೂ ಕಳ್ಕೊಳ್ತೆ ಅಂತ ಹೆದರಿಕೆ. ಅದೇ ಸಿಟ್ಟಾತು."

"ಆ ಗುಣ ನನಗೂ ಅದೆ," ಎಂದಳು ಕಣ್ಣೊರೆಸಿಕೊಳ್ಳುತ್ತಾ. ಆಮೇಲೆ ದಂಡೆಯಲ್ಲಿ ನಡೆದದ್ದನ್ನು ಹೇಳಿದಳು.

ನಾಗಪತಿಯ ನಗು ಆರಿತು. "ಪರೀಕ್ಷೆಯ ಹೊಸ ಕಿಟ್ ಬರೂಕೆ ಎರಡು ವಾರ ಬೇಕು..." ಎಂದ. ಮತ್ತೆ ಕೈ ತೊಳೆದು ಒಳಗೆ ಹೋಗಿ, ಮೇಜಿನ ಕೆಳಖಾನೆಯಿಂದ ಒಂದು ಪೊಟ್ಟಣ ತಂದ. ಒಡೆದಿರಲಿಲ್ಲ. ಮೇಲೆ ಅಚ್ಚಾದ ಹೆಸರು: ರಾಜಿ.

"ತಡ ಮಾಡಿ ತರ್ಸಿದ್ದು, ರಾಜಿ ಹೋಗಿ ಎರಡು ದಿನಕ್ಕೆ ಬಂದಿತ್ತು. ಒಡೆಯೂಕೆ ಮನಸ್ಸಾಗ್ಲಿಲ್ಲ. ಬಿಸಾಡೂಕೂ ಆಗ್ಲಿಲ್ಲ."

ಈ ಸಲ ಬ್ರಷ್ಷನ್ನು ಅರ್ಚನಾಳೇ ಬಂಗ್ಡೆಯ ಕೆನ್ನೆಯೊಳಗೆ ಆಡಿಸಿದಳು. ನಾಗಪತಿ ಲ್ಯಾಬಿಗೆ ಫೋನು ಮಾಡಿ ಹೆಸರು ಬದಲಾದದ್ದನ್ನು ತಿಳಿಸಿ, ಪೆನ್ನು ತೆಗೆದು ಪೊಟ್ಟಣದೊಳಗಿನ ಲಕೋಟೆಯ ಮೇಲೂ ಅಚ್ಚಾಗಿದ್ದ ಹೆಸರನ್ನು ಹೊಡೆದು ಹಾಕಲು ಹೊರಟ. ಗೆರೆ ಎಳೆಯಲು ಆಗಲಿಲ್ಲ.

"ಹೊಡೀಬೇಡಿ," ಎಂದಳು ಮೆಲ್ಲಗೆ. "ಕೆಳಗೆ ಬರೀರಿ. 'ರಾಜಿಯ ಅಣ್ಣ ಬಂಗ್ಡೆ' ಅಂತ."

ಫಲಿತಾಂಶ ಬಂತು. ಆ ಜೀನು ಬಂಗ್ಡೆಯಲ್ಲೂ ಇತ್ತು. ದೊಡ್ಡ ಪಶು ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಾಗ, ಹೃದಯ ಸೋಲುವುದು ಈಗಷ್ಟೇ ಶುರುವಾಗಿದೆ, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು. ಬೆಳಿಗ್ಗೆ ಸಂಜೆ ಮಾತ್ರೆ. ಓಟ ಕಡಿಮೆ. ತಿಂಗಳಿಗೊಮ್ಮೆ ತಪಾಸಣೆ.

ವರ್ಷ ಕಳೆಯಿತು. ಬಂಗ್ಡೆ ಇದ್ದಾನೆ! ಏಡಿ ಅಟ್ಟುವುದಿಲ್ಲ, ಕೂತಲ್ಲೇ ಬೈಯುತ್ತಾನೆ. ನಾಗಮ್ಮ ಅವನ ಮಾತ್ರೆಯನ್ನು ಮೀನಿನ ತುಂಡಿನೊಳಗೆ ಹುದುಗಿಸಿ ಕೊಡುತ್ತಾಳೆ. ಪ್ರತಿ ಸಲವೂ "ರಾಜೀ, ನಿನ್ನ ಪುಣ್ಯ ಮಗಾ" ಎಂದು ಕಾಣದ ನಾಯಿಗೆ ಕೈ ಮುಗಿಯುತ್ತಾಳೆ.

ಪ್ರತಿ ಭಾನುವಾರ ನಾಗಪತಿ ಬರುತ್ತಾನೆ. ಒಂದು ಭಾನುವಾರ ಹಾಗೇ ಬಂದು, ಬಂಗ್ಡೆಯ ಎದೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೂತ.

"ಎಂತ ಹೇಳ್ತದೆ?" ಅರ್ಚನಾ ಪಕ್ಕದಲ್ಲಿ ಕುಳಿತಳು.

"ಇವಂದು ಚಲೋ ಅದೆ. ನಂದೇ ಸರಿ ಇಲ್ಲ."

"ಅಯ್ಯೋ! ಎಂತ ಆತು?"

"ನಿಮ್ಮ ಗೇಟು ಕಂಡ ಕೂಡ್ಲೇ ತಾಳ ತಪ್ತದೆ. ಕೊಡೆ ಎತ್ತಿದ ದಿನದಿಂದ್ಲೂ."

ಅರ್ಚನಾಳ ಕೆನ್ನೆ ಬಿಸಿಯಾಯಿತು. ಬಂಗ್ಡೆ ಇಬ್ಬರ ನಡುವೆ ತಲೆಯಿಟ್ಟು ಆಕಳಿಸಿದ. ಅವಳು ನಾಯಿಯ ಬೆನ್ನ ಮೇಲೆ ಕೈಯಿಟ್ಟಳು. ನಾಗಪತಿಯ ಕೈ ಮೊದಲೇ ಅಲ್ಲಿತ್ತು. ಅವನು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ.

"ನೀವು ಹುಡುಕ್ತಾ ಬರದೇ ಇದ್ರೆ ಇವ ಇವತ್ತು ಇರ್ತಿರ್ಲಿಲ್ಲ," ಎಂದಳು. ಕಣ್ಣು ತುಂಬಿತ್ತು. "ಆ ಋಣ ಹೇಗೆ ತೀರಿಸೂದು ಅಂತ ದಿನಾ ಯೋಚ್ನೆ ಮಾಡ್ತೆ."

"ತೀರಿಸ್ಬೇಡ. ಜೊತೆಗಿರು. ಮದುವೆ ಆಗ್ತೀಯಾ ನನ್ನ?"

ಅವಳು ಹೂಂ ಎಂದು ತಲೆಯಾಡಿಸಿದಳು. ಅಳುತ್ತಲೇ ನಕ್ಕಳು.

"ಈ ಮಾತನ್ನ ಒಂದು ವರ್ಷ ಎಂತಕ್ಕೆ ಐಸಲ್ಲಿ ಇಟ್ಟಿದ್ರಿ?"

"ಕೆಡಬಾರ್ದು ಅಂತ," ಎಂದ ನಾಗಪತಿ.